ಐನೂರು ಮೀಟರಿನಾಚೆಯ ಮನೆ

ಕಡೂರಿನಿಂದ ಬೀರೂರನ್ನು ದಾಟಿ ತರೀಕೆರೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ಹೊನ್ನಾವರದವರೆಗೂ ಹೋಗುತ್ತದೆ. ಹಿಂದೆ 206 ಎಂಬ ಸಂಖ್ಯೆಯಿದ್ದ ಅದಕ್ಕೆ ಈಗ 69. ಅಜ್ಜಂಪುರ ಈ ಹೆದ್ದಾರಿಯ ಮೇಲಿಲ್ಲ. ಇಷ್ಟು ಸಾಧಾರಣವಾದ ಸಂಗತಿಗೂ 2017ರಲ್ಲಿ ನೈತಿಕ ಮಹತ್ವವೊಂದು ಬಂದೊದಗಿತು.

ಹೆದ್ದಾರಿಯ ಅಂಚಿನಿಂದ 500 ಮೀಟರಿನೊಳಗೆ ಮದ್ಯ ಮಾರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು ತೀರ್ಪಿತ್ತಿತು. ನಮ್ಮ ಸಂವಿಧಾನದಲ್ಲಿ ಮದ್ಯವು ರಾಜ್ಯಪಟ್ಟಿಗೆ ಸೇರಿದ ವಿಷಯ. ಪಾನನಿರೋಧಕ್ಕೆ ಶ್ರಮಿಸಬೇಕೆಂದು 47ನೆಯ ವಿಧಿ ಸರ್ಕಾರಗಳಿಗೆ ಹೇಳುತ್ತದೆ. ಇಂತಹ ನಿರ್ದೇಶಕ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದೆಂದು 37ನೆಯ ವಿಧಿ ಹೇಳುತ್ತದೆ. ಆದರೂ ನ್ಯಾಯಾಲಯ ಮಧ್ಯೆ ಬಂತು. ಹೆದ್ದಾರಿಯ ಬದಿಯ ಅಂಗಡಿಗಳನ್ನು ತೆರವುಗೊಳಿಸಿರೆಂದು ಕೇಂದ್ರ ಸರ್ಕಾರ 2007ರಿಂದಲೂ ರಾಜ್ಯಗಳಿಗೆ ಸಲಹೆ ನೀಡುತ್ತಲೇ ಇತ್ತು. ಅಬಕಾರಿ ಆದಾಯದ ರುಚಿ ಕಂಡವರಿಗೆ ಸಲಹೆ ಎಲ್ಲಿ ನಾಟೀತು?

ಹತ್ತಿರದ ಆಳುವವನು ಕಿವಿಗೊಡದಿದ್ದಾಗ ದೂರದ ನ್ಯಾಯಾಧೀಶನ ಬಾಗಿಲು ತಟ್ಟುವುದು ಸರಿಯೇ? ಅಮೆರಿಕವೂ ಈ ಪ್ರಶ್ನೆಯನ್ನು ಎದುರಿಸಿದೆ. 1933ರಲ್ಲಿ ಅಲ್ಲಿ ರಾಷ್ಟ್ರವ್ಯಾಪಿ ಪಾನನಿರೋಧ ಕೊನೆಗೊಂಡು ಮದ್ಯದ ನಿಯಂತ್ರಣ ರಾಜ್ಯಗಳ ಪಾಲಾಯಿತು. ಹೊರಗಿನಿಂದ ಕಾನೂನು ಮೀರಿ ಮದ್ಯ ಕಳುಹಿಸುವವರ ಮೇಲೆ ರಾಜ್ಯಗಳು ಒಕ್ಕೂಟದ ನ್ಯಾಯಾಲಯದಲ್ಲೇ ದಾವೆ ಹೂಡಬಹುದೆಂದು 2000ದಲ್ಲಿ ಕಾಯಿದೆಯಾಯಿತು. ಅಲ್ಲಿ ರಾಜ್ಯವೇ ತನ್ನ ಕಾನೂನನ್ನು ಉಳಿಸಿಕೊಳ್ಳಲು ದೂರದ ನೆರವು ಬೇಡಿತು. ನಮ್ಮಲ್ಲಿ ನಡೆದದ್ದು ತಿರುವುಮುರುವು. ರಾಜ್ಯಗಳು ತಪ್ಪಿಸಿಕೊಳ್ಳುವ ದಾರಿ ಹುಡುಕಿದವು. ಚಂಡೀಗಢದಲ್ಲಿ ರಸ್ತೆಗಳ ವರ್ಗವನ್ನೇ ಬದಲಿಸಲಾಯಿತು. ಕೇರಳದ ಪರವೂರಿನ ಬಾರೊಂದು ತನ್ನ ಅಂಗಳದಲ್ಲಿ ಸುತ್ತುಬಳಸಿನ ಹಾದಿ ಕಟ್ಟಿ, ನಡಿಗೆಯ ದೂರವನ್ನು ಹೆಚ್ಚಿಸಿ ತೋರಿಸಿತು! ನಗುವಿನ ಹಿಂದೆ ವಿಷಾದವೂ ಇದೆ.

ಪ್ರತಿ ಮುಂಜಾನೆ ಬಲಿಪೀಠದಲ್ಲಿ ದ್ರಾಕ್ಷಾರಸದ ಪಾತ್ರೆಯನ್ನು ಎತ್ತುವ ನಾನು ಮದ್ಯವೇ ಪಾಪವೆಂದು ಹೇಳಲಾರೆ. ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ದಂಡಿಸಬೇಕಿಲ್ಲ, ಮುಖ್ಯವಾಗಿ ಇತರರಿಗೆ ಹಾನಿಯೊಡ್ಡುವವನ್ನು ತಡೆಯಬೇಕು ಎಂಬುದು ಸಂತ ತೋಮಸ್ ಅಕ್ವಿನಾಸರ ನಿಲುವು. ಕುಡಿದು ಲಾರಿ ಓಡಿಸುವವನು ತನಗಷ್ಟೇ ಹಾನಿ ಮಾಡಿಕೊಳ್ಳುವುದಿಲ್ಲ. ಆದುದರಿಂದ ನ್ಯಾಯಾಲಯ ತನ್ನ ಎಲ್ಲೆ ಮೀರಿತೆಂಬ ಟೀಕೆಯನ್ನು ನಾನು ಪೂರ್ತಿಯಾಗಿ ಒಪ್ಪೆನು. ಕಿರಿಯ ಸಮುದಾಯ ಮಾಡಬಲ್ಲುದನ್ನು ಹಿರಿಯ ಅಧಿಕಾರ ಕಸಿದುಕೊಳ್ಳಬಾರದೆಂದು 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್ಸರು ಬೋಧಿಸಿದರು, ನಿಜ. ಆದರೆ ಕಿರಿಯರು ಕೈಕಟ್ಟಿ ಕುಳಿತಾಗ ನೆರವಿಗೆ ಬರುವುದು ಕಸಿಯುವಿಕೆಯಲ್ಲ.

ಆದರೂ ದೂರದ ನ್ಯಾಯಕ್ಕೊಂದು ಮಿತಿಯಿದೆ. ಅದು ಅಳೆಯಬಲ್ಲುದನ್ನು ಮಾತ್ರ ಅಳೆಯುತ್ತದೆ. 20,000 ಜನರಿಗಿಂತ ಹೆಚ್ಚಿಲ್ಲದ ಊರುಗಳಲ್ಲಿ 220 ಮೀಟರ್ ಸಾಕೆಂದು 2017ರ ಮಾರ್ಚ್ 31ರಂದು ತಿದ್ದುಪಡಿಯಾಯಿತು. ಪರವಾನಗಿ ವರ್ಷ ಜೂನ್ 30ಕ್ಕೆ ಮುಗಿಯುವ ಕರ್ನಾಟಕದಲ್ಲಿ ಜುಲೈ 1ರಿಂದ ಅಂಗಡಿಗಳು ಮುಚ್ಚಿದವು. ಜುಲೈ 11ರಂದು, ಪೌರಾಡಳಿತದ ವ್ಯಾಪ್ತಿಗೆ ಈ ನಿಷೇಧ ಅನ್ವಯಿಸದೆಂಬ ಸ್ಪಷ್ಟನೆ ಬಂತು. ಕಡೂರು, ತರೀಕೆರೆ ಪುರಸಭೆಯ ಪಟ್ಟಣಗಳು. ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರಕ್ಕೆ ಪುರಸಭೆಯಿರಲಿಲ್ಲ. ಒಂದೇ ಪಾನೀಯ, ಒಂದೇ ದುಃಖ. ನ್ಯಾಯ ಮಾತ್ರ ಊರಿನ ದರ್ಜೆಯನ್ನು ನೋಡಿ ಬೇರೆಯಾಯಿತು.

ಹೆದ್ದಾರಿಯಿಂದ ತೆರವಾದ ಅಂಗಡಿಗಳು ರಾಜ್ಯದ ಹಲವೆಡೆ ಒಳಹಳ್ಳಿಗಳಿಗೆ ಸರಿದವು. ಕೆಲವು ವರ್ಷಗಳ ಹಿಂದೆ ಅಜ್ಜಂಪುರದ ಕಡೆಯ ತಾಯಿಯೊಬ್ಬರು ನನ್ನೊಡನೆ ಹೀಗೆಂದರು: "ಫಾದರ್, ರೋಡಿನಿಂದ ಅಳೆದರಂತೆ. ನಮ್ಮ ಮನೆ ಬಾಗಿಲಿನಿಂದ ಯಾರೂ ಅಳೀಲಿಲ್ಲ." ಉತ್ತರ ನನಗೆ ಹೊಳೆಯಲಿಲ್ಲ.

2019ರ ಜನವರಿಯಲ್ಲಿ ಮದ್ಯನಿಷೇಧಕ್ಕೆ ಆಗ್ರಹಿಸಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಕಾಲ್ನಡಿಗೆಯಲ್ಲಿ ಹೊರಟರು. ಅವರು ಹೋದದ್ದು ದೆಹಲಿಗಲ್ಲ, ಬೆಂಗಳೂರಿಗೆ. ನೀವೂ ಹೋಗಿದ್ದಿರೇ ಎಂದು ಆ ತಾಯಿಯನ್ನು ಕೇಳಿದೆ. ಸಂಜೆ ಗಂಡ ಮನೆಗೆ ಬರುವ ಹೊತ್ತಿಗೆ ಮಕ್ಕಳ ಬಳಿ ಯಾರಾದರೂ ಇರಬೇಕಲ್ಲ ಎಂದರು.