ಹಕ್ಕಲಾಯುವವಳ ಬೆಲೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್, ಹರಡಿಟ್ಟ ಗೂಡಿಗೆ ಕೈಹಾಕಿ, ಒಂದೆರಡನ್ನು ಬೆರಳಲ್ಲಿ ಅಮುಕಿ, ಕಿವಿಯ ಬಳಿ ಅಲುಗಿಸಿ ಆಮೇಲೆ ಬೆಲೆ ಕಟ್ಟುತ್ತಾನೆ. ಗೂಡಿನ ಮಟ್ಟಿಗೆ ಅದು ನ್ಯಾಯವೇ. ಅದೇ ಕಣ್ಣು ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಮನೆಯೊಳಗೆ ಬಂದು ಕೂತಾಗ, ತನ್ನ ಬೆಲೆಯನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಹುಡುಗಿಗೆ ಏಳುತ್ತದೆ. ಕ್ರೈಸ್ತ ಐತಿಹಾಸಿಕ ಪ್ರೇಮಕಾದಂಬರಿಗಳು ಹರೆಯದವರಿಗೆ ಕೊಡುವ ಉತ್ತರ ನೇರವಾದದ್ದು: ದೇವರು ನಿನ್ನನ್ನು ಪ್ರೀತಿಸಿದ್ದಾನೆ, ಅದೇ ನಿನ್ನ ಬೆಲೆ. ಉತ್ತರದಲ್ಲಿ ತಪ್ಪಿಲ್ಲ, ತೊಡಕಿರುವುದು ಕತೆ ಕಟ್ಟುವ ರೀತಿಯಲ್ಲಿ. ಈ ಬಗೆಯಲ್ಲಿ ಹೆಸರಾದದ್ದು ಫ್ರಾನ್ಸಿನ್ ರಿವರ್ಸ್ 1991ರಲ್ಲಿ ಬರೆದ ‘ರಿಡೀಮಿಂಗ್ ಲವ್’. ಬೈಬಲಿನ ಪ್ರವಾದಿ ಹೋಶೇಯನ ಕತೆಯನ್ನು ಅದು 1850ರ ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಯ ಕಾಲಕ್ಕೆ ತರುತ್ತದೆ. ಮೂಲದ ಹೋಶೇಯ 15 ಬೆಳ್ಳಿ ಶೆಕೆಲ್ ಮತ್ತು ಒಂದಷ್ಟು ಜವೆಗೋಧಿ ಕೊಟ್ಟು, ಪರರ ಪಾಲಾದ ಹೆಂಡತಿಯನ್ನು ಬಿಡಿಸಿಕೊಳ್ಳುತ್ತಾನೆ. ಪ್ರವಾದಿಯ ಬಾಯಲ್ಲಿ ಇದು ದೇವರ ಹಟಮಾರಿ ಪ್ರೀತಿಯ ರೂಪಕ. ಕಾದಂಬರಿಗೆ ಬಂದರೆ ದೇವರ ಜಾಗದಲ್ಲಿ ಸುಂದರ ಗಂಡೊಬ್ಬ ನಿಲ್ಲುತ್ತಾನೆ. ಕೊನೆಗೆ ನಾಯಕಿ ತಾನಾಗಿಯೇ ಮರಳಿ ಬರುತ್ತಾಳೆ, ನಿಜ. ಆದರೂ ಹದಿನಾರರ ಓದುಗಿಯ ಮನಸ್ಸಿನಲ್ಲಿ ಉಳಿಯುವವನು ಅವನೇ, ಮತ್ತು ಅವನು ಬಾರದಿದ್ದರೆ ತನಗೆ ಬೆಲೆಯೇ ಇಲ್ಲ ಎಂಬ ಅಳುಕು.

ಮನುಷ್ಯರ ಪ್ರೀತಿ ಕಾಣದವರು ದೇವರ ಪ್ರೀತಿಯನ್ನು ಹೇಗೆ ನಂಬಿಯಾರು ಎಂದು ಯಾರಾದರೂ ಕೇಳಬಹುದು. ಕಣ್ಣಿಗೆ ಕಾಣುವ ಸೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು ಯೋಹಾನನ ಪತ್ರವೂ ಈ ಎರಡು ಪ್ರೀತಿಗಳನ್ನು ಜೋಡಿಸುತ್ತದೆ. ಒಪ್ಪೋಣ, ಆದರೆ ಆ ಪ್ರೀತಿ ವರನ ರೂಪದಲ್ಲೇ ಬರಬೇಕೆಂದು ಪತ್ರ ಹೇಳುವುದಿಲ್ಲ. ಬೈಬಲಿನದೇ ಇನ್ನೊಂದು ಕತೆಯ ರೂತಳಿಗೆ ಅದು ಸಿಕ್ಕಿದ್ದು ಅತ್ತೆ ನೊವೊಮಿಯಲ್ಲಿ. ಗಂಡ ಸತ್ತ ಪರದೇಶಿ ಹೆಣ್ಣು, ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಕೊಯ್ಲಾದ ಮೇಲೆ ಬಿದ್ದ ತೆನೆ ಆರಿಸುವ ಈ ಕೆಲಸವನ್ನು ಗೌರಿಬಿದನೂರು, ಚಿಂತಾಮಣಿಯ ರಾಗಿ ಹೊಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಕಣದಲ್ಲಿ ಹೊಲದ ಒಡೆಯ ಬೋವಜನ ಬಳಿ ಮದುವೆಯ ಮಾತೆತ್ತುವವಳೂ ಅವಳೇ. ಆಗ ಅವನು, ನೀನು ಗುಣವಂತೆಯೆಂದು ಊರಿಗೆಲ್ಲ ಗೊತ್ತು ಎನ್ನುತ್ತಾನೆ. ಅವನು ಬೆಲೆ ಕಟ್ಟುತ್ತಿಲ್ಲ, ಇರುವ ಬೆಲೆಯನ್ನು ಒಪ್ಪಿಕೊಳ್ಳುತ್ತಿದ್ದಾನೆ. ಮದುವೆ ಆಮೇಲಿನದು. ಈ ಕತೆಯೂ ಮದುವೆ, ಗಂಡುಮಗುವಿನಲ್ಲೇ ಮುಗಿಯುವುದಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಊರಬಾಗಿಲಲ್ಲಿ ನೊವೊಮಿಯ ಹೊಲದ ವ್ಯವಹಾರದ ಜೊತೆಗೇ ಅವಳ ವಿಷಯವೂ ತೀರ್ಮಾನವಾಗುತ್ತದೆ, ಅಲ್ಲಿ ಅವಳಿಗೆ ಮಾತಿಲ್ಲ. ಇದನ್ನು ಮುಚ್ಚಿಡಬಾರದು. ಆದರೆ ಮಗು ಹುಟ್ಟಿದಾಗಲೂ ಊರ ಹೆಂಗಸರು ಹೊಗಳುವುದು ಬೋವಜನನ್ನಲ್ಲ. ಏಳು ಗಂಡುಮಕ್ಕಳಿಗಿಂತ ಈ ಸೊಸೆ ಮಿಗಿಲು ಎಂದು ಅತ್ತೆಗೆ ಹೇಳುತ್ತಾರೆ.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಆಸ್ಪತ್ರೆ ನಡೆಸುತ್ತಿದ್ದ ಕಾಲವನ್ನು ಹಿಡಿದು ಯಾರಾದರೂ ಕನ್ನಡದಲ್ಲಿ ಇಂಥ ಕಾದಂಬರಿ ಬರೆಯುವುದಾದರೆ, ಹೋಶೇಯನನ್ನು ಬಿಟ್ಟು ರೂತಳನ್ನು ಓದಿಕೊಳ್ಳಲಿ. ಅವಳ ಪುಸ್ತಕದಲ್ಲಿರುವುದು 4 ಅಧ್ಯಾಯ. ನೊವೊಮಿಯ ಜೊತೆ ಹೊರಡುವ ನಿರ್ಧಾರ ಮೊದಲನೆಯದರಲ್ಲೇ ಆಗಿಹೋಗಿದೆ, ಬೋವಜ ಬರುವುದು ಎರಡನೆಯದರಲ್ಲಿ.