ಒಳಮನೆಯ ತಂತಿಯೂ ಊರ ಟಿ.ಸಿ.ಯೂ

ಮನೆಯ ಗೋಡೆಯೊಳಗೆ ಮಾಡಿಸಿಕೊಂಡ ಕೆಲಸವು ಮನೆಯವನ ಸ್ವಂತ ವಿಷಯವು, ಅದರಲ್ಲಿ ಊರಿನವರು ಕೇಳತಕ್ಕದ್ದೇನೂ ಇಲ್ಲ ಎಂಬ ನಂಬಿಕೆಯು ಸದ್ಗೃಹಸ್ಥರಲ್ಲಿ ಬಹುಕಾಲದಿಂದ ಬೇರೂರಿರುವದು. ಬಾವಿ ತೋಡಿಸುವವನು ನೆರೆಯವನ ನೀರಿನ ಸೆಲೆಯನ್ನು ನೆನೆಯಬೇಕಾದೀತು. ಮಾಳಿಗೆ ಏರಿಸುವವನು ಪಕ್ಕದ ಮನೆಯ ಗಾಳಿ ಬೆಳಕುಗಳನ್ನು ನೆನೆಯಬೇಕಾದೀತು. ಆದರೆ ಅಂಗಳದ ಗೋಡೆಗೆ ಒಂದು ಪ್ಲಗ್ಗು ಕೂಡಿಸುವವನು ಯಾರನ್ನು ನೆನೆಯಬೇಕು? ವಿದ್ಯುತ್ತಿನಿಂದ ಓಡುವ ಸ್ಕೂಟರು ಕಾರುಗಳು ಹಳ್ಳಿಯ ಮನೆಗಳ ಮುಂದೆಯೂ ಬಂದು ನಿಲ್ಲತೊಡಗಿದ ಈ ಕಾಲದಲ್ಲಿ ಇದನ್ನು ನೀತಿಯ ಪ್ರಶ್ನೆಯೆಂದು ಬಗೆಯುವವರು ವಿರಳ. ವೈರಿಂಗಿನವನನ್ನು ಕರೆಯಿಸಿದರೆ ತೀರಿತೆಂದು ಹಲವರ ಎಣಿಕೆ.

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಂಥ ಊರಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಒಂದು ಮೊನೆಯುಂಟು. ಕರ್ನಾಟಕದ ಉಳಿದ ಭಾಗಗಳಲ್ಲಿ ಮನೆಗಳಿಗೆ ವಿದ್ಯುತ್ತನ್ನು ಹಂಚುವವು ಸರಕಾರದ ಕಂಪನಿಗಳು. ಈ ತಾಲೂಕಿನಲ್ಲಿಯಾದರೋ 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ತನ್ನು ಸಗಟಾಗಿ ಕೊಂಡು ಮನೆಮನೆಗೂ ಹೊಲಹೊಲಕ್ಕೂ ಮುಟ್ಟಿಸುವದು. ಗ್ರಾಮೀಣ ವಿದ್ಯುದೀಕರಣ ನಿಗಮವು ಹುಟ್ಟಿದ್ದೂ ಅದೇ ವರ್ಷ. ಅದೇ ಪ್ರಯೋಗದ ಅಂಗವಾಗಿ ಸಿರಿಸಿಲ್ಲಾ, ಮುಳಾ-ಪ್ರವರಾ ಮೊದಲಾದೆಡೆಗಳಲ್ಲಿಯೂ ಇಂಥ ಸಂಘಗಳು ತಲೆಯೆತ್ತಿದವು. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ಹಂಚಿಕೆಯ ಕೆಲಸವು ಬಾಕಿಯ ಹೊರೆ ಬೆಳೆದು 2011ರಲ್ಲಿ ಅದರ ಕೈತಪ್ಪಿತು. ಸಹಕಾರಿ ಸಂಘದಲ್ಲಿ ಗಿರಾಕಿಯೇ ಪಾಲುಗಾರನು. ದೂರದ ಸರಕಾರವನ್ನು ವಂಚಿಸಿದೆನೆಂದು ಸಮಾಧಾನಪಟ್ಟುಕೊಳ್ಳುವ ಅವಕಾಶವು ಇಲ್ಲಿಲ್ಲ. ವಂಚಿತರು ಎದುರು ಮನೆಯವರೇ.

ಮೊದಲು ಗೋಡೆಯೊಳಗಿನ ಸಂಗತಿ. ಹಳೆಯ ಮನೆಗಳಲ್ಲಿ ತಂತಿಯನ್ನೆಳೆದದ್ದು ನಾಲ್ಕು ದೀಪ, ಒಂದೆರಡು ಪಂಖಾ, ಒಂದು ರೇಡಿಯೋ ಇಷ್ಟರ ಎಣಿಕೆಯಿಂದ. ಆ ಮೇಲೆ ಇಸ್ತ್ರಿ, ಮಿಕ್ಸರು, ಫ್ರಿಜ್ಜುಗಳು ಒಂದೊಂದಾಗಿ ಬಂದವು; ತಂತಿಯು ಮಾತ್ರ ಅದೇ ಉಳಿಯಿತು. ಮಿಕ್ಸರಿನ ಹಸಿವು ಚಟ್ನಿ ಅರೆಯುವವರೆಗೆ, ಇಸ್ತ್ರಿಯದು ಅಂಗಿಗಳ ಮಡಿಕೆ ಮುಗಿಯುವವರೆಗೆ. ಕಾರಿನ ಚಾರ್ಜರಿನ ರೀತಿಯೇ ಬೇರೆ. ಸಾಮಾನ್ಯವಾದ 3.3 ಕಿಲೋವ್ಯಾಟಿನ ಚಾರ್ಜರು 230 ವೋಲ್ಟಿನಲ್ಲಿ 14 ಆಂಪಿಯರಿಗೂ ಮಿಕ್ಕಿ ಎಳೆಯುವದು. 30 ಯೂನಿಟ್ಟು ಹಿಡಿಯುವ ಬ್ಯಾಟರಿಯು ಬರಿದಾಗಿದ್ದರೆ ಒಂಬತ್ತು ಹತ್ತು ತಾಸು ಎಡೆಬಿಡದೆ ಎಳೆಯುವದು. ತಂತಿಯಲ್ಲಿ ಪ್ರವಾಹವು ಇಮ್ಮಡಿಯಾದರೆ ಹುಟ್ಟುವ ಕಾವು ನಾಲ್ಮಡಿಯಾಗುವದು. ಸಡಿಲಾದ ಒಂದು ಜೋಡಣೆಯು, ಹಳೆಯ ಅಲ್ಯೂಮಿನಿಯಂ ತಂತಿಯ ಒಂದು ತಿರುವು, ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿ ಮೆಲ್ಲಗೆ ಕಾಯುತ್ತಿರುವದು. ಆದುದರಿಂದ ಮೀಟರಿನ ಬಳಿಯಿಂದ ವಾಹನ ನಿಲ್ಲುವ ಸ್ಥಳದವರೆಗೆ ಬೇರೆಯೇ ಆದ ತಾಮ್ರದ ತಂತಿಯನ್ನೆಳೆಯಿಸಬೇಕು. 16 ಆಂಪಿಯರಿನ ಪ್ಲಗ್ಗಿಗೆ 4 ಚದರ ಮಿಲಿಮೀಟರಿನದು, 7.2 ಕಿಲೋವ್ಯಾಟಿನ ದೊಡ್ಡ ಚಾರ್ಜರಿಗೆ 6ಕ್ಕೆ ಕಡಿಮೆಯಲ್ಲದ್ದು ಯೋಗ್ಯ. ಅದಕ್ಕೇ ಮೀಸಲಾದ ಎಮ್.ಸಿ.ಬಿ.ಯೂ ಇರತಕ್ಕದ್ದು. ಫ್ಯೂಜು ಹೋದಾಗಲೆಲ್ಲ ದಪ್ಪ ತಂತಿಯನ್ನು ಸುತ್ತಿ, ಇನ್ನು ಹೋಗಲಾರದೆಂದು ಹಿಗ್ಗುವ ಜಾಣತನವೊಂದು ಹಳ್ಳಿಗಳಲ್ಲಿ ಪ್ರಚಾರದಲ್ಲಿದೆ. ಹೋಗುವದೇ ಫ್ಯೂಜಿನ ಧರ್ಮವೆಂಬದನ್ನು ಆ ಜಾಣತನವು ಅರಿಯದು.

ಇಷ್ಟು ಸ್ವಹಿತದ ಮಾತಾಯಿತು. ತನ್ನ ಮನೆ ಸುಡಬಾರದೆಂದು ಎಚ್ಚರಪಡುವದಕ್ಕೆ ವಿಶೇಷವಾದ ಸದ್ಗುಣವೇನೂ ಬೇಕಾಗಿಲ್ಲ. ಪರೀಕ್ಷೆಯು ಅರ್ಥಿಂಗಿನಲ್ಲಿರುವದು. ಅರ್ಥಿಂಗಿಲ್ಲದೆಯೂ ದೀಪವು ಉರಿಯುವದು, ಪಂಖಾ ತಿರುಗುವದು. ವರ್ಷಗಟ್ಟಲೆ ಅದರ ಕೊರತೆಯು ಕಾಣಿಸದು. ನೆಲದಲ್ಲಿ ಹೂಳಿದ್ದನ್ನು ಯಾರೂ ನೋಡುವದಿಲ್ಲವಾದ್ದರಿಂದ ಖರ್ಚಿನಲ್ಲಿ ಮೊದಲು ಕಡಿತವಾಗುವದು ಅದೇ. 30 ಮಿಲಿಆಂಪಿಯರಿನಷ್ಟು ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನೂ, ಚಾರ್ಜಿಂಗಿಗೆ ಮೀಸಲಾದ ತಂತಿಯನ್ನೂ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ವಿಧಿಸಿವೆ; ಅದನ್ನೂ ಅನಾವಶ್ಯಕವೆಂದು ಬಿಡುವವರುಂಟು. ಹೀಗೆ ಉಳಿಸಿದ ಹಣವು ಮನೆಯ ಯಜಮಾನನದು. ಆದರೆ ಮಳೆಯಲ್ಲಿ ನೆನೆದ ಅಂಗಳದಲ್ಲಿ ಬರಿಗಾಲಿನಿಂದ ಕಸ ಗುಡಿಸುವ ಹೆಣ್ಣುಮಗಳೂ, ಆಡುತ್ತ ಬಂದು ವಾಹನಕ್ಕೆ ಕೈಯೂರುವ ನೆರೆಮನೆಯ ಕೂಸೂ ಆ ಉಳಿತಾಯದಲ್ಲಿ ಪಾಲುಗಾರರಲ್ಲ. ಅಪಾಯಕ್ಕೆ ಮಾತ್ರ ಗುರಿಯಾಗುವವರು ಅವರೇ. ಒಪ್ಪಿಗೆ ಕೇಳದೆ ಇನ್ನೊಬ್ಬರ ಪ್ರಾಣವನ್ನು ಒತ್ತೆಯಿಟ್ಟು ಮಾಡಿದ ಮಿತವ್ಯಯಕ್ಕೆ ಬೇರೆ ಹೆಸರು ಬೇಕು.

ಗೋಡೆಯಾಚೆಗೆ ಹೋದರೆ ಓಣಿಯ ಟಿ.ಸಿ. ನಿಂತಿರುವದು. ಅದು 63 ಕೆ.ವಿ.ಎ. ಸಾಮರ್ಥ್ಯದ್ದೆಂದೂ, ಅದರಡಿಯಲ್ಲಿ ಅರವತ್ತು ಮನೆಗಳಿವೆಯೆಂದೂ ಭಾವಿಸಬಹುದು. ಹತ್ತು ಜನರು ಹೊಲದಿಂದಲೋ ಪೇಟೆಯಿಂದಲೋ ಸಂಜೆ ಏಳಕ್ಕೆ ಬಂದು ಒಮ್ಮೆಲೇ ಕಾರುಗಳನ್ನು ಚಾರ್ಜಿಗೆ ಹಚ್ಚಿದರೆ 33 ಕಿಲೋವ್ಯಾಟು, ಅಂದರೆ ಟಿ.ಸಿ.ಯ ಬಲದ ಅರ್ಧಕ್ಕೂ ಮಿಕ್ಕು, ಅಲ್ಲಿಯೇ ತೀರಿತು. ಉಳಿದ ಐವತ್ತು ಮನೆಗಳ ದೀಪಗಳು ಮಂಕಾಗುವವು, ಫ್ರಿಜ್ಜಿನ ಮೋಟಾರು ನರಳುವದು. ಟಿ.ಸಿ.ಯೇ ಸುಟ್ಟರೆ ಹೊಸತು ಬರುವವರೆಗೆ ಪರೀಕ್ಷೆಗೆ ಓದುವ ಹುಡುಗನೂ, ಉಸಿರಾಟದ ಯಂತ್ರವನ್ನು ನೆಚ್ಚಿದ ಮುದುಕನೂ ಕತ್ತಲೆಯಲ್ಲಿ ಕೂತಿರಬೇಕು.

ಊರ ಹೆಸರಿನಲ್ಲಿಯೇ ಬೆಲ್ಲವಿರುವ ಈ ಸೀಮೆಯವರಿಗೆ ಪಾಳಿಯೆಂಬದು ಹೊಸ ಮಾತಲ್ಲ. ಕಬ್ಬಿನ ಗಾಣವು ಒಂದೇ, ಕಬ್ಬು ಕಡಿದವರು ಹಲವರು. ಒಬ್ಬನ ಕೊಪ್ಪರಿಗೆ ಇಳಿದ ಮೇಲೆ ಇನ್ನೊಬ್ಬನ ರಸವೇರುವದು. ಚಾರ್ಜಿಂಗಿಗೂ ಅಂಥದೇ ಪಾಳಿ ಸಾಧ್ಯ. ಸಂಜೆ ಆರರಿಂದ ಹತ್ತರವರೆಗಿನ ಒತ್ತಡದ ವೇಳೆಯನ್ನು ಬಿಟ್ಟು, ಓಣಿಯವರು ಮಲಗಿದ ಮೇಲೆ ತಾನಾಗಿಯೇ ಆರಂಭವಾಗುವಂತೆ ವಾಹನದಲ್ಲಿ ಸಮಯವನ್ನು ಗೊತ್ತುಪಡಿಸಬಹುದು. ಪಂಪುಸೆಟ್ಟುಗಳಿಗೆ ರಾತ್ರಿ ಪಾಳಿಯಲ್ಲಿ ಮೂರು ಫೇಸು ಬಿಡುವಲ್ಲಿ ಲೈನ್‌ಮನ್ನನನ್ನು ಕೇಳಿ ವೇಳೆ ಹಿಡಿಯುವದು ಮೇಲು.

ಇನ್ನು ಭಾರವನ್ನು ತಿಳಿಸುವ ಪ್ರಶ್ನೆ. ಒಂದೆರಡು ಕಿಲೋವ್ಯಾಟಿಗೆ ಮಂಜೂರಾದ ಮನೆಯಲ್ಲಿ ಕಾರನ್ನು ಹಚ್ಚುವವನು ಸಂಘಕ್ಕೆ ಅರ್ಜಿ ಕೊಟ್ಟು ಹೆಚ್ಚಿನ ಭಾರವನ್ನು ಮಂಜೂರು ಮಾಡಿಸಿಕೊಳ್ಳಬೇಕು. 2024ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ವಾಹನಕ್ಕೆಂದೇ ಪ್ರತ್ಯೇಕ ಸಂಪರ್ಕವನ್ನು ಕೇಳುವ ಹಕ್ಕೂ ಉಂಟು. ಆದರೆ ತಿಳಿಸಿದವನಿಗೆ ಠೇವಣಿಯೂ ತಿಂಗಳ ನಿಗದಿತ ಶುಲ್ಕವೂ ಏರುವವು. ತಿಳಿಸದವನಿಗೆ ಏನೂ ಏರದು. ಸತ್ಯಕ್ಕೆ ದಂಡ, ಮೌನಕ್ಕೆ ಬಹುಮಾನ ಎಂಬ ಈ ದೂರು ಸುಳ್ಳಲ್ಲ. ಆದರೂ ಮೌನವು ಭಾರವನ್ನು ಇಲ್ಲದಂತೆ ಮಾಡುವದಿಲ್ಲ, ಲೆಕ್ಕದಿಂದ ಮರೆಮಾಡುವದಷ್ಟೇ. ಎಷ್ಟು ಹೊರೆಯಿದೆಯೆಂದು ತಿಳಿಯದ ಸಂಘವು ಎಷ್ಟು ದೊಡ್ಡ ಟಿ.ಸಿ. ಕೂಡಿಸಬೇಕೆಂದು ಹೇಗೆ ಬಲ್ಲದು?

ಪಂಪುಸೆಟ್ಟಿನ ತಂತಿಯಿಂದ ಸ್ಕೂಟರಿಗೆ ಹಚ್ಚುವವನ ವಾದವು ಇದಕ್ಕಿಂತ ದುರ್ಬಲ. ನೀರೆತ್ತಲೆಂದು ರೈತರಿಗೆ ಉಚಿತವಾಗಿ ಕೊಟ್ಟದ್ದು ಸವಾರಿಗಾಗಿ ಕೊಟ್ಟದ್ದಲ್ಲ. ಮಂಜೂರಾದ ಉದ್ದೇಶವನ್ನು ಬಿಟ್ಟು ಬಳಸುವದನ್ನು 2003ರ ವಿದ್ಯುತ್ ಕಾಯದೆಯ 126ನೆಯ ಕಲಮು ಅನಧಿಕೃತ ಬಳಕೆಯೆಂದೆಣಿಸಿ ಇಮ್ಮಡಿ ದರ ಹೇರುವದು. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮಾತು ಬೇರೆ: ತನಗೆ ಗೊತ್ತುಪಡಿಸಿದ ಯೂನಿಟ್ಟಿನೊಳಗೆ ಸ್ಕೂಟರಿಗೂ ಹಚ್ಚಿದವನನ್ನು ದೂರಲಾಗದು. ಇಮ್ಮಡಿ ಲಾಭಕ್ಕಾಗಿ ಒಂದೇ ಸಂಸಾರಕ್ಕೆ ಎರಡು ಮೀಟರು ಹಾಕಿಸಿದವನನ್ನು ದೂರಬಹುದು.

ಕಠಿನವಾದ ಸಂದರ್ಭವೊಂದು ಉಳಿದಿದೆ. ಒಂಬತ್ತು ಜನರು ಸದ್ದಿಲ್ಲದೆ ಹಚ್ಚಿಕೊಂಡ ಮೇಲೆ ಹತ್ತನೆಯವನು ಪ್ರಾಮಾಣಿಕನಾಗಿ ಅರ್ಜಿ ಕೊಡುವನು, ಟಿ.ಸಿ. ತುಂಬಿದೆ, ದೊಡ್ಡದು ಬೇಕು ಎಂಬ ಉತ್ತರವು ಅವನ ಪಾಲಿಗೇ ಬರುವದು. ಅವನು ಆ ಒಂಬತ್ತು ಜನರ ಸಾಲವನ್ನೂ ಹೊರಬೇಕೇ? ಹೊರಬಾರದಾದರೆ ಪ್ರತಿ ಟಿ.ಸಿ.ಯಡಿಯ ಭಾರಗಳ ಪಟ್ಟಿಯು ಸಂಘದ ಕಪಾಟಿನಲ್ಲಿರದೆ ಪಾಲುಗಾರರ ಸಭೆಯಲ್ಲಿ ಗಟ್ಟಿಯಾಗಿ ಓದಲ್ಪಡಬೇಕು. ಆಗ ತನ್ನ ಮನೆಯ ಹೆಸರಿನ ಮುಂದೆ ಒಂದೇ ಕಿಲೋವ್ಯಾಟು ಎಂದು ಓದಿದ್ದನ್ನು, ಬಾಗಿಲಲ್ಲಿ ಕಾರು ನಿಲ್ಲಿಸಿ ಬಂದ ಗೃಹಸ್ಥನು ನೆರೆಯವರ ನಡುವೆ ಕೂತು ಕೇಳಬೇಕಾಗುವದು.