ಸಾರಿಗೆ ಬೆರೆಸಿದ ಮಾತ್ರೆ

ನಿಮ್ಮ ಮನೆಯವರೊಬ್ಬರಿಗೆ ಔಷಧಿ ಬೇಕೇ ಬೇಕು. ಆದರೆ ತನಗೆ ಕಾಯಿಲೆ ಇದೆ ಅಂತಲೇ ಅವರು ಒಪ್ಪುತ್ತಿಲ್ಲ. ಮಾತ್ರೆ ಕೊಟ್ಟರೆ ಉಗಿಯುತ್ತಾರೆ, ಡಾಕ್ಟರ್ ಹತ್ತಿರ ಹೋಗೋಣ ಅಂದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. ಆಗ ಅವರಿಗೆ ಗೊತ್ತಾಗದ ಹಾಗೆ ಮಾತ್ರೆ ಪುಡಿ ಮಾಡಿ ಊಟದಲ್ಲಿ ಬೆರೆಸಿ ಕೊಡೋದು ಸರಿಯಾ, ತಪ್ಪಾ?

ಯಾವುದಾದರೂ ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗದ ಹೊರಗೆ ಅರ್ಧ ದಿನ ಕೂತರೆ ಈ ಪ್ರಶ್ನೆ ಬೇರೆ ರೂಪದಲ್ಲಿ ಕಿವಿಗೆ ಬೀಳುತ್ತೆ. "ನೀವು ಯಾವುದ್ರಲ್ಲಿ ಹಾಕ್ತೀರಾ?" ಅಂತ ಒಬ್ಬ ತಾಯಿ ಪಕ್ಕದ ಬೆಂಚಿನ ಇನ್ನೊಬ್ಬ ತಾಯಿಯನ್ನು ಕೇಳುತ್ತಾರೆ. ಒಬ್ಬರು ಕಾಫಿ ಅಂತಾರೆ, ಒಬ್ಬರು ಹುಳಿಸಾರು ಅಂತಾರೆ, ಅಡುಗೆ ವಿಷಯ ಮಾತಾಡಿಕೊಂಡ ಹಾಗೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ನಮ್ಮ ಅವ್ವನೂ ಅವರಲ್ಲಿ ಒಬ್ಬಳು.

ನನ್ನ ತಮ್ಮನಿಗೆ ಈಗ 26 ವರ್ಷ. ತುರುವೇಕೆರೆ ತಾಲ್ಲೂಕಿನ ನಮ್ಮ ಊರಿನಿಂದ ಡಿಪ್ಲೊಮಾ ಕಾಲೇಜಿಗೆ ಓಡಾಡುತ್ತಿದ್ದ ಹುಡುಗ, 21ನೇ ವಯಸ್ಸಿನಲ್ಲಿ ನಿದ್ದೆ ಬಿಟ್ಟ. ಆಮೇಲೆ ಸ್ನೇಹಿತರನ್ನು ಬಿಟ್ಟ. ಟಿವಿಯಲ್ಲಿ ವಾರ್ತೆ ಓದುವವರು ತನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅಂದ. ಊರಲ್ಲಿ ತಾಯತ ಕಟ್ಟಿಸಿದ್ದಾಯ್ತು. ಬೆಂಗಳೂರಿನ ನೆಂಟರು ಬನಶಂಕರಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿಸಿ ಅಂದರು, ಅದೂ ಆಯ್ತು. ಕೊನೆಗೆ ಡಾಕ್ಟರ್ ಹೇಳಿದ ಹೆಸರು ಸ್ಕಿಜೋಫ್ರೇನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಬಹಳ ಸಲ ಬರೋದು ಹದಿಹರೆಯದ ಕೊನೆಯಲ್ಲಿ ಇಲ್ಲವೇ ಇಪ್ಪತ್ತರ ಹರೆಯದಲ್ಲಿ, ಅಂದರೆ ಮನೆಯವರು "ಇನ್ನೇನು ಕೆಲಸಕ್ಕೆ ಸೇರ್ತಾನೆ" ಅಂತ ಕಾಯುತ್ತಿರುವ ಹೊತ್ತಿಗೆ.

ಸಕ್ಕರೆ ಕಾಯಿಲೆ ಬಂದವರು ತಮಗೆ ಸಕ್ಕರೆ ಇದೆ ಅಂತ ಒಪ್ಪಿಕೊಳ್ತಾರೆ. ಈ ಕಾಯಿಲೆ ಬಹಳ ಜನರಲ್ಲಿ ಆ ತಿಳಿವಳಿಕೆಯನ್ನೇ ಕಿತ್ತುಕೊಳ್ಳುತ್ತೆ. ಅದಕ್ಕೇ ಅವ್ವ ಸಾರಿಗೆ ಬೆರೆಸಲು ಶುರು ಮಾಡಿದಳು. ಎರಡು ತಿಂಗಳಲ್ಲಿ ತಮ್ಮ ನಿದ್ದೆ ಮಾಡತೊಡಗಿದ, ನಕ್ಕ, ತೋಟಕ್ಕೆ ಹೋಗಿ ನೀರು ಕಟ್ಟಿದ.

ಅವ್ವನನ್ನು ಯಾರಾದರೂ ತಪ್ಪಿತಸ್ಥೆ ಅಂದರೆ ನಾನು ಒಪ್ಪಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಆಮೇಲೆ ವೆಲ್ಲೂರು, ನಮ್ಮ ನಿಮ್ಹಾನ್ಸ್ ಎಲ್ಲ ಕಡೆ ಮನೆಯವರನ್ನು ಚಿಕಿತ್ಸೆಯ ಭಾಗವಾಗಿಯೇ ನೋಡುವ ಪದ್ಧತಿ ಬೆಳೆಯಿತು. ನಿಮ್ಹಾನ್ಸ್‌ನವರು 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಮೇಲೆ ನಮ್ಮ ತುರುವೇಕೆರೆಯಲ್ಲೂ ಹಳ್ಳಿಯಲ್ಲಿರುವ ರೋಗಿಗಳನ್ನೇ ಹುಡುಕಿ ಚಿಕಿತ್ಸೆ ಕೊಡುವ ಕೆಲಸ ಮಾಡಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೂ ರಾತ್ರಿ ಒಂಬತ್ತು ಗಂಟೆಗೆ, ಊಟ ಆದ ಮೇಲೆ, ಆ ಮಾತ್ರೆ ನುಂಗಿಸುವ ಕೆಲಸ ಮಾತ್ರ ಮನೆಯವರದ್ದೇ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಥ ತೀವ್ರ ಕಾಯಿಲೆ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಕೈಯಲ್ಲಿ ಒಂದು ಮಾತ್ರೆ, ಎದುರಿಗೆ ಬಾಯಿ ತೆಗೆಯದ ಮಗ. ಆ ಜಾಗದಲ್ಲಿ ನಿಂತ ತಾಯಿಗೆ ನೀತಿ ಪಾಠ ಹೇಳೋದು ಸುಲಭ.

ಆದರೆ ತಪ್ಪಿತಸ್ಥೆ ಅಲ್ಲ ಅಂದ ಮಾತ್ರಕ್ಕೆ ಮಾಡಿದ್ದು ಸರಿ ಅಂತ ಆಗಲ್ಲ. ಯಾಕೆ ಅಂತ ಹೇಳ್ತೀನಿ.

ತಮ್ಮ ಹುಷಾರಾದ. ಆದರೆ ಹುಷಾರಾಗಿದ್ದು ಯಾತರಿಂದ ಅಂತ ಅವನಿಗೆ ಗೊತ್ತಿಲ್ಲ. ಅವನ ಪ್ರಕಾರ ಅವನು ಯಾವ ಮಾತ್ರೆಯನ್ನೂ ತಗೊಂಡೇ ಇಲ್ಲ. "ನೋಡಿ, ಡಾಕ್ಟರ್ ಹೇಳಿದ್ದು ಸುಳ್ಳು, ನಾನು ಹಂಗೇ ಸರಿ ಹೋದೆ" ಅಂದ. ಅವನ ಕೈಯಲ್ಲಿದ್ದ ಸಾಕ್ಷಿ ನೋಡಿದರೆ ಅವನ ತರ್ಕ ನೂರಕ್ಕೆ ನೂರು ಸರಿ. ಅದೇ ಧೈರ್ಯದ ಮೇಲೆ ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಸೇರಿದ. ಪಿಜಿಯ ಸಾರಿನಲ್ಲಿ ಮಾತ್ರೆ ಇರಲ್ಲವಲ್ಲ. ಮೂರು ತಿಂಗಳಿಗೆ ಎಲ್ಲ ವಾಪಸ್ ಬಂತು. ಜೆಪಿ ನಗರದ ನಮ್ಮ ಮನೆಗೆ ಕರೆತಂದೆವು. ಊರಿಂದ ಅವ್ವನೂ ಬಂದಳು. ಮತ್ತೆ ಸಾರು.

ಕದ್ದು ಕೊಟ್ಟ ಔಷಧಿಯ ಇನ್ನೊಂದು ಅಪಾಯ ಡೋಸು. ಅರ್ಧ ಊಟ ಬಿಟ್ಟರೆ ಅರ್ಧ ಡೋಸು. ಕೈಕಾಲು ಬಿಗಿಯಾದರೆ, ತೂಕ ಏರಿದರೆ, ಅದು ಮಾತ್ರೆಯಿಂದ ಇರಬಹುದು ಅಂತ ಹೇಳಿಕೊಳ್ಳಲು ಅವನಿಗೆ ಮಾತ್ರೆಯ ವಿಷಯವೇ ಗೊತ್ತಿಲ್ಲ. ತನ್ನ ಮೈಯಲ್ಲಿ ಆಗುತ್ತಿರೋದು ಅವನಿಗೆ ದೆವ್ವದ ಕಾಟದ ಹಾಗೇ ಕಾಣುತ್ತೆ.

ಇವೆರಡಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಬೇರೆ. ಈ ಸಲ ಅವನ ಭ್ರಮೆ ಏನಾಗಿತ್ತು ಗೊತ್ತಾ? "ಮನೆಯವರು ನನ್ನ ಊಟದಲ್ಲಿ ಏನೋ ಬೆರೆಸ್ತಿದ್ದಾರೆ." ಡಾಕ್ಟರ್ ಇದನ್ನು ಕಾಯಿಲೆಯ ಲಕ್ಷಣ ಅಂತ ಬರೆದುಕೊಂಡರು. ಲಕ್ಷಣ ಹೌದು. ಆದರೆ ಮಾತು ನಿಜ. ನಾವು ಬೆರೆಸ್ತಾನೇ ಇದ್ದೆವು. ಕಾಯಿಲೆ ಅವನ ಕಿವಿಯಲ್ಲಿ "ಯಾರನ್ನೂ ನಂಬಬೇಡ" ಅಂತಿತ್ತು. ನಮ್ಮ ಪ್ರೀತಿ ಆ ಮಾತಿಗೆ ಸಾಕ್ಷಿ ಒದಗಿಸುತ್ತಿತ್ತು.

ಒಂದು ರಾತ್ರಿ ತಟ್ಟೆ ಮುಂದೆ ಇಟ್ಟುಕೊಂಡು ಕೇಳಿದ, "ಅಕ್ಕ, ನಿಜ ಹೇಳು. ಇದ್ರಲ್ಲಿ ಏನಾದ್ರೂ ಹಾಕಿದ್ದೀರಾ?" ನಾನು ಹೌದು ಅಂದೆ. ಯಾವ ಮಾತ್ರೆ, ಯಾಕೆ, ಎಷ್ಟು ದಿನದಿಂದ ಅಂತ ಹೇಳಿದೆ.

ಸತ್ಯ ಹೇಳಿದ ಮೇಲೆ ಎಲ್ಲ ಸರಿ ಹೋಯ್ತು ಅಂತ ಬರೆಯಲು ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಅವನು ಒಂಬತ್ತು ದಿನ ಮನೆ ಊಟ ಮುಟ್ಟಲಿಲ್ಲ. ಸಿಪ್ಪೆ ಇರೋ ಬಾಳೆಹಣ್ಣು, ಸೀಲ್ ಇರೋ ಬಿಸ್ಕೆಟ್ ಪ್ಯಾಕು, ಅವನೇ ಬೇಯಿಸಿಕೊಂಡ ಮೊಟ್ಟೆ, ಇಷ್ಟೇ. "ನೀನು ಸತ್ಯ ಹೇಳಿ ದೊಡ್ಡೋಳಾದೆ, ನನ್ ಮಗ ಉಪವಾಸ ಬಿದ್ದ" ಅಂತ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಹತ್ತನೇ ದಿನ ಅವನ ಸ್ಥಿತಿ ನೋಡಲಾಗದೆ ಆಸ್ಪತ್ರೆಗೆ ಸೇರಿಸಿದೆವು. ಅವನ ಇಷ್ಟಕ್ಕೆ ವಿರುದ್ಧವಾಗಿ, ಆದರೆ ಅವನಿಗೆ ಎದುರಿಗೇ ಹೇಳಿ.

ಇಲ್ಲೇ ನನಗೆ ಅರ್ಥವಾದ ವ್ಯತ್ಯಾಸ ಇರೋದು. ಬಲವಂತ ಮತ್ತು ಮೋಸ ಎರಡೂ ಕೆಟ್ಟವೇ. ಹೊರಗಿನಿಂದ ನೋಡಿದರೆ ಮೋಸವೇ ಮೃದು ಅನ್ನಿಸುತ್ತೆ, ಗಲಾಟೆ ಇಲ್ಲ, ಅಳು ಇಲ್ಲ. ಆದರೆ ಬಲವಂತಕ್ಕೆ ಒಂದು ಮುಖ ಇದೆ. ಅದನ್ನು ಬೈಯಬಹುದು, ಪ್ರಶ್ನೆ ಮಾಡಬಹುದು, "ಇಷ್ಟೇ ದಿನ" ಅಂತ ಗಡಿ ಹಾಕಬಹುದು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮಾಡಿರೋದೂ ಅದನ್ನೇ. ರೋಗಿ ಒಪ್ಪದಿದ್ದರೂ ಆಸ್ಪತ್ರೆಗೆ ಸೇರಿಸಬೇಕಾದರೆ ಮೊದಲ ಸಲ ಗರಿಷ್ಠ 30 ದಿನ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಬೇಕು. ತನಗೋ ಬೇರೆಯವರಿಗೋ ಅಪಾಯ ಇದೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದಷ್ಟು ಸ್ಥಿತಿ ಕೆಟ್ಟಿದೆ ಅಂತ ಕಾರಣ ಇರಬೇಕು. ರೋಗಿ ಇದನ್ನು ಪರಿಶೀಲನಾ ಮಂಡಳಿಯ ಮುಂದೆ ಪ್ರಶ್ನಿಸಬಹುದು. ಸಾರಿಗೆ ಬೆರೆಸಿದ ಮಾತ್ರೆಗೆ ಇದ್ಯಾವುದೂ ಇಲ್ಲ. 30 ದಿನವೂ ಇಲ್ಲ, ಮೇಲ್ಮನವಿಯೂ ಇಲ್ಲ.

"ಹುಷಾರಿಲ್ಲದಾಗ ಅವನ ಮಾತು ಕೇಳೋದು ಹೆಂಗೆ? ಅವನು ಅವನಾಗೇ ಇರಲ್ಲ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾದರೆ ಅವನು ಅವನಾಗಿದ್ದಾಗ ಕೇಳಬೇಕು. ಅದೇ ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಅಂತ ಒಂದು ಇದೆ. ಮುಂದೆ ಕಾಯಿಲೆ ಹೆಚ್ಚಾದರೆ ನನಗೆ ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಹುಷಾರಾಗಿರುವಾಗಲೇ ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವವರು ಯಾರು ಅಂತ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ನೇಮಿಸಿಕೊಳ್ಳಬಹುದು.

ಆಸ್ಪತ್ರೆಯಿಂದ ಬಂದ ಮೂರನೇ ತಿಂಗಳಿಗೆ ತಮ್ಮ ನನ್ನನ್ನು ಕೂರಿಸಿಕೊಂಡು ಬರೆಸಿದ ಪಟ್ಟಿ ಕಾನೂನಿನ ಭಾಷೆಯಲ್ಲಿಲ್ಲ. ಡಾಕ್ಟರ್ ಹತ್ತಿರ ಹೋಗೋದಿದ್ದರೆ ಆಟೋ ಹತ್ತೋ ಮೊದಲು ಹೇಳಬೇಕು, ಹತ್ತಿದ ಮೇಲಲ್ಲ. ಮೂರು ರಾತ್ರಿ ನಿದ್ದೆ ಮಾಡದಿದ್ದರೆ ಅಕ್ಕ ಡಾಕ್ಟರಿಗೆ ಫೋನ್ ಮಾಡಬಹುದು. ಅಡುಗೆಮನೆಯಲ್ಲಿ ನನ್ನ ಬಗ್ಗೆ ಪಿಸುಪಿಸು ಮಾತಾಡಬಾರದು. ದಿನಾ ಮಾತ್ರೆ ನೋಡಿದ್ರೆ ದಿನಾ ನಾನು ರೋಗಿ ಅನ್ಸತ್ತೆ, ತಿಂಗಳಿಗೊಂದು ಇಂಜೆಕ್ಷನ್ ಆದ್ರೆ ಪರವಾಗಿಲ್ಲ. ಸಾರಲ್ಲಿ ಏನಿದೆ ಅಂತ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಹೇಳಿ.

ಡಾಕ್ಟರ್ ಜೊತೆ ಕೂತು ಇಂಜೆಕ್ಷನ್‌ಗೆ ಬದಲಾಯಿಸಿಕೊಂಡಿದ್ದು ಅವನೇ. ವರ್ಷಾನುಗಟ್ಟಲೆ ಮನೆಯವರೆಲ್ಲ ತಲೆ ಕೆಡಿಸಿಕೊಂಡಿದ್ದ ಸಮಸ್ಯೆಗೆ ದಾರಿ ಅವನ ಹತ್ತಿರ ಇತ್ತು. ಎಲ್ಲರ ವಿಷಯದಲ್ಲೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ಕೇಳದೇ ಇದ್ದರೆ ಮಾತ್ರ ಯಾವತ್ತೂ ಗೊತ್ತಾಗಲ್ಲ.

ಈಗ ಊರಿನ ನೆಂಟರು ಇನ್ನೊಂದು ಸುಳ್ಳು ಹಿಡಿದುಕೊಂಡು ಬಂದಿದ್ದಾರೆ. ಮದುವೆ ಮಾಡಿ, ಸರಿ ಹೋಗ್ತಾನೆ, ಹುಡುಗಿ ಕಡೆಯವರಿಗೆ ಏನೂ ಹೇಳೋದು ಬೇಡ ಅಂತ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಅನ್ನೋ ಗಾದೆಯ ಎರಡನೇ ಅರ್ಧವನ್ನು ಮಾತ್ರ ಅವರು ನೆನಪಿಟ್ಟುಕೊಂಡಿದ್ದಾರೆ. ಇದಕ್ಕೆ ಉತ್ತರ ಕೊಟ್ಟಿದ್ದು ತಮ್ಮನೇ: "ನಂಗೆ ಹೇಳದೆ ಹಾಕಿದ್ರಿ. ಈಗ ಅವಳಿಗೂ ಹೇಳದೆ ಹಾಕ್ತೀರಾ?" ಅವ್ವ ಏನೂ ಮಾತಾಡಲಿಲ್ಲ. ಆದರೆ ಆಮೇಲೆ ಆ ಪ್ರಸ್ತಾಪ ಮನೆಯಲ್ಲಿ ಬರಲಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಕೆಲವರಿಗೆ ಊರಲ್ಲಿ ಒಬ್ಬ ತಮ್ಮನೋ ತಂಗಿಯೋ ಹೀಗೆ ಇರಬಹುದು, ಟೀಮಿನಲ್ಲಿ ಯಾರಿಗೂ ಹೇಳಿರಲಿಕ್ಕಿಲ್ಲ. ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಯಾರೋ "ಇವನು ನಿಮ್ಹಾನ್ಸ್ ಕೇಸು" ಅಂದಾಗ ನೀವೂ ನಕ್ಕ ಹಾಗೆ ಮಾಡಿರಬಹುದು. ಕಂಪನಿಯ ಇನ್ಶೂರೆನ್ಸ್ ಫಾರ್ಮಿನಲ್ಲಿ ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಇರ್ತಾರೆ, ಒಡಹುಟ್ಟಿದವರಿಗೆ ಸಾಮಾನ್ಯವಾಗಿ ಜಾಗವೇ ಇರಲ್ಲ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ರೋಗಿಯೇ ಮಾಡಬೇಕು ಅಂತಿಲ್ಲ, ಮನೆಯವರೂ ಫೋನ್ ಮಾಡಬಹುದು.

ನನ್ನದು ಒಂದೇ ಮಾತು. ಮಾತ್ರೆ ಕೊಡಲು ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಬೇಕಾದರೆ ಕಾನೂನೂ ಇದೆ. "ನಿಜ ಹೇಳು" ಅಂತ ಕೇಳಿದಾಗ ನಿಜ ಹೇಳುವ ಒಬ್ಬರು ಮಾತ್ರ ಮನೆಯಲ್ಲೇ ಸಿಗಬೇಕು. ಈ ವಾರ ಊರಿಗೆ ಹೋದಾಗ ನಿಮ್ಮ ತಮ್ಮನೋ ತಂಗಿಯೋ ಹುಷಾರಾಗಿದ್ದರೆ, ಸುಮ್ಮನೆ ಖುಷಿಪಟ್ಟು ವಾಪಸ್ ಬರಬೇಡಿ. ಒಂದು ಹಾಳೆ, ಒಂದು ಪೆನ್ನು ಹಿಡಿದು ಜೊತೆಗೆ ಕೂತು ಕೇಳಿ: "ಮತ್ತೆ ಹುಷಾರು ತಪ್ಪಿದ್ರೆ ನಾವು ಏನು ಮಾಡ್ಬೇಕು, ಏನು ಮಾಡ್ಬಾರ್ದು?"